ಡಿಕ್ಕಿ ಹೊಡೆಯುವುದು ಮೋಡ ಅಲ್ಲ, ಒಳಗಿನ ಐಸು

"ಮೋಡ ಮೋಡ ಡಿಕ್ಕಿ ಹೊಡೆದ್ರೆ ಗುಡುಗುತ್ತೆ ಪುಟ್ಟಾ." ಮಗು ಕೇಳಿದ ತಕ್ಷಣ ದೊಡ್ಡವರ ಬಾಯಿಂದ ಬರುವ ಉತ್ತರ ಇದು. ಕೇಳಲು ಚೆನ್ನಾಗಿದೆ, ಆ ಸದ್ದಿಗೂ ಹೊಂದುತ್ತದೆ, ಮಗುವೂ ಮುಂದಿನ ಪ್ರಶ್ನೆ ಕೇಳದೆ ಸುಮ್ಮನಾಗುತ್ತದೆ. ತೊಂದರೆ ಇಷ್ಟೇ, ಅದು ನಿಜ ಅಲ್ಲ. ಹಾಗಂತ ಇದನ್ನು ನಂಬಿದವರು ದಡ್ಡರೇನೂ ಆಗಿರಲಿಲ್ಲ. ರೋಮಿನ ಕವಿ ಲುಕ್ರೀಷಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಹೀಗೆ ಬರೆದಿದ್ದ. ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್ 1637ರಲ್ಲಿ, ಮೇಲಿನ ಮೋಡ ಕೆಳಗಿನ ಮೋಡದ ಮೇಲೆ ಬೀಳುವುದರಿಂದ ಗುಡುಗು ಬರುತ್ತದೆ ಎಂದು ಬರೆದ. ಅವರಿಗೆ ಕರೆಂಟ್ ಅಂದರೆ ಏನು ಅಂತ ಗೊತ್ತಿರಲಿಲ್ಲ, ಕ್ಷಮಿಸಬಹುದು. ನಮಗೆ ಆ ನೆಪ ಇಲ್ಲ.

ಸ್ವಲ್ಪ ಯೋಚಿಸಿ. ಮೋಡ ಅಂದರೆ ಗಾಳಿಯಲ್ಲಿ ತೇಲುವ ಪುಟಾಣಿ ನೀರಿನ ಹನಿಗಳು, ಇನ್ನೂ ಮೇಲೆ ಹೋದರೆ ಐಸಿನ ಹರಳುಗಳು. ನೆಲಕ್ಕೆ ಇಳಿದ ಮೋಡವೇ ಮಂಜು. ಮಂಜಿನೊಳಗೆ ನಡೆದು ಹೋದರೆ ಸದ್ದಾಗುತ್ತದಾ? ಇಲ್ಲ ಅಲ್ವಾ. ಎರಡು ಮೋಡ ಎದುರುಬದುರು ಬಂದರೂ ಒಂದರೊಳಗೊಂದು ಬೆರೆತುಹೋಗುತ್ತವೆ, ಅಷ್ಟೇ.

ಆದರೆ ಮಜಾ ಇರುವುದು ಇಲ್ಲೇ. ಡಿಕ್ಕಿ ಅನ್ನುವ ಮಾತನ್ನು ಪೂರ್ತಿ ಎಸೆಯುವ ಹಾಗೂ ಇಲ್ಲ. ಡಿಕ್ಕಿ ಆಗುತ್ತದೆ, ಕೋಟಿ ಕೋಟಿ ಸಲ ಆಗುತ್ತದೆ, ಆದರೆ ಒಂದೇ ಮೋಡದ ಹೊಟ್ಟೆಯೊಳಗೆ, ಸಣ್ಣ ಸಣ್ಣ ಐಸಿನ ಚೂರುಗಳ ನಡುವೆ. ಅದು ನಮ್ಮ ಕಿವಿಗೆ ಕೇಳುವುದೇ ಇಲ್ಲ. ಗುಡುಗಿನ ಸದ್ದು ಬರುವುದು ಬೇರೆ ಕಾರಣದಿಂದ, ಅದು ಆಮೇಲೆ.

ಮೊದಲು ಮೋಡ ಹೇಗೆ ಏಳುತ್ತದೆ ನೋಡೋಣ. ನೆಲ ಕಾದಾಗ ಅದರ ಮೇಲಿನ ತೇವದ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ. ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ, ಅದರಲ್ಲಿದ್ದ ನೀರಾವಿ ಹನಿಗಟ್ಟುತ್ತದೆ. ಆವಿ ಹನಿಯಾಗುವಾಗ ಶಾಖ ಹೊರಬರುತ್ತದೆ. ಆ ಶಾಖ ಸಿಕ್ಕಿದ ಗಾಳಿ ಸುತ್ತಲಿನ ಗಾಳಿಗಿಂತ ಬೆಚ್ಚಗಿರುತ್ತದೆ, ಹಾಗಾಗಿ ಇನ್ನೂ ಮೇಲೆ ಹೋಗುತ್ತದೆ, ಇನ್ನಷ್ಟು ಹನಿ, ಇನ್ನಷ್ಟು ಶಾಖ. ಹೀಗೆ ಬೆಳೆಯುತ್ತಾ ಮೋಡದ ತಲೆ 12, 15 ಕಿಲೋಮೀಟರ್ ಮುಟ್ಟುತ್ತದೆ. ಪ್ರಯಾಣಿಕರ ವಿಮಾನ ಹಾರುವುದು ಸುಮಾರು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಅಂತ ನೆನಪಿಟ್ಟುಕೊಂಡರೆ ಇದು ಎಷ್ಟು ದೊಡ್ಡ ವಸ್ತು ಅನ್ನುವುದು ಗೊತ್ತಾಗುತ್ತದೆ.

ಅಷ್ಟು ಎತ್ತರದಲ್ಲಿ ಚಳಿ ಭಯಂಕರ. ಕೆಳಗೆ ಬೆವರು ಸುರಿಯುತ್ತಿದ್ದರೂ ಮೋಡದ ಮೇಲಿನ ಅರ್ಧ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿರುತ್ತದೆ. ಅಲ್ಲಿನ ನೀರು ವಿಚಿತ್ರವಾಗಿ ವರ್ತಿಸುತ್ತದೆ. ಶುದ್ಧವಾದ ಪುಟ್ಟ ಹನಿ ಸೊನ್ನೆ ಡಿಗ್ರಿ ದಾಟಿದ ತಕ್ಷಣ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟಲು ಒಂದು ಧೂಳಿನ ಕಣವೋ, ಮತ್ತೇನಾದರೂ ಆಸರೆಯೋ ಬೇಕು. ಸಿಗದಿದ್ದರೆ ಹೆಚ್ಚುಕಮ್ಮಿ ಮೈನಸ್ 40 ಡಿಗ್ರಿ ತನಕ ನೀರಾಗಿಯೇ ಉಳಿಯಬಲ್ಲದು. ಹೀಗೆ ಇದ್ದ ಹನಿ ಯಾವುದಾದರೂ ಐಸಿನ ಚೂರಿಗೆ ತಾಗಿದರೆ ಸಾಕು, ಅಲ್ಲೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹನಿ ಮೇಲೆ ಹನಿ ಅಂಟಿ ಅಂಟಿ ಕೆಲವು ಮಿಲಿಮೀಟರ್ ದಪ್ಪದ, ಮೆತ್ತನೆಯ ಬಿಳಿ ಮಣಿ ತಯಾರಾಗುತ್ತದೆ. ಇದಕ್ಕೆ ಗ್ರಾಪೆಲ್ ಅನ್ನುತ್ತಾರೆ. ಆಲಿಕಲ್ಲಿನ ಎಳೆಯ ರೂಪ ಅನ್ನಿ.

ಈಗ ಮೋಡದೊಳಗೆ ಎರಡು ಬಗೆಯ ಐಸ್ ಇದೆ. ಒಂದು ಹಗುರವಾದ ಹರಳು, ಮೇಲೇರುವ ಗಾಳಿ ಅದನ್ನು ಸುಲಭವಾಗಿ ಎತ್ತಿಕೊಂಡು ಹೋಗುತ್ತದೆ. ಇನ್ನೊಂದು ಭಾರದ ಗ್ರಾಪೆಲ್, ಗಾಳಿ ಎಷ್ಟು ತಳ್ಳಿದರೂ ಮಧ್ಯದಲ್ಲೇ ನೇತಾಡುತ್ತದೆ ಅಥವಾ ಕೆಳಗೆ ಜಾರುತ್ತದೆ. ಮೇಲೆ ಹೋಗುವ ಹರಳು ದಾರಿಯಲ್ಲಿ ಗ್ರಾಪೆಲ್‌ಗೆ ಬಡಿದು ಚಿಮ್ಮುತ್ತದೆ. ತಾಗಿದ ಆ ಒಂದು ಗಳಿಗೆಯಲ್ಲಿ ಚಾರ್ಜ್ ಕೈ ಬದಲಾಗುತ್ತದೆ. ಮೈನಸ್ 15 ಡಿಗ್ರಿಗಿಂತ ತಣ್ಣಗಿರುವ ಜಾಗದಲ್ಲಿ ಸಾಮಾನ್ಯವಾಗಿ ಗ್ರಾಪೆಲ್‌ಗೆ ಮೈನಸ್ ಚಾರ್ಜ್ ಸಿಗುತ್ತದೆ, ಹರಳು ಪ್ಲಸ್ ಚಾರ್ಜ್ ಹೊತ್ತು ಮೇಲೆ ಹೋಗುತ್ತದೆ. ಕೆಳಗೆ, ಅಷ್ಟು ಚಳಿ ಇಲ್ಲದ ಕಡೆ, ಇದು ತಿರುಗಾಮುರುಗಾ! ತ್ಸುತೊಮು ತಕಾಹಾಶಿ ಎಂಬ ವಿಜ್ಞಾನಿ 1978ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಈ ತಿರುವು ಚೆನ್ನಾಗಿ ಕಾಣಿಸಿತು. ತಾಪಮಾನ ಮತ್ತು ಮೋಡದಲ್ಲಿ ಇರುವ ದ್ರವ ನೀರಿನ ಪ್ರಮಾಣ ಬದಲಾದಂತೆ ಚಾರ್ಜಿನ ಚಿಹ್ನೆಯೇ ಬದಲಾಗುತ್ತದೆ.

ಒಂದೊಂದು ಡಿಕ್ಕಿಯಲ್ಲಿ ಸಾಗುವ ಚಾರ್ಜ್ ಏನೇನೂ ಅಲ್ಲ. ಆದರೆ ಡಿಕ್ಕಿಗಳಿಗೆ ಲೆಕ್ಕ ಇಲ್ಲ, ಗಾಳಿ ಎರಡೂ ಬಣಗಳನ್ನು ಬೇರೆ ಬೇರೆ ಕಡೆಗೆ ಎಳೆದುಕೊಂಡು ಹೋಗುತ್ತಲೇ ಇರುತ್ತದೆ, ಹಾಗಾಗಿ ಹತ್ತಿಪ್ಪತ್ತು ನಿಮಿಷದಲ್ಲಿ ಮೋಡದ ತಲೆಯಲ್ಲಿ ದೊಡ್ಡ ಪ್ಲಸ್ ರಾಶಿ, ನಡುವಿನಲ್ಲಿ ದೊಡ್ಡ ಮೈನಸ್ ರಾಶಿ, ತಳದಲ್ಲಿ ಇನ್ನೊಂದು ಚಿಕ್ಕ ಪ್ಲಸ್ ರಾಶಿ ಸೇರಿರುತ್ತದೆ. ಇದರ ಅರ್ಥ ಏನು? ಮಿಂಚಿಗೆ ಐಸ್ ಬೇಕು. ಎತ್ತರ ಸಾಲದ, ಪೂರ್ತಿ ನೀರಿನ ಹನಿಯ ಮೋಡ ದಿನವಿಡೀ ಮಳೆ ಸುರಿಸಬಹುದು, ಒಂದು ಸಲವೂ ಗುಡುಗದೆ. ಸುಡು ಬಿಸಿಲಿನ ಸಂಜೆ ಅಬ್ಬರಿಸುವ ಗುಡುಗು ಹುಟ್ಟುವುದು ಆರೇಳು ಕಿಲೋಮೀಟರ್ ಮೇಲಿನ ಕೊರೆಯುವ ಚಳಿಯಲ್ಲಿ. ನನಗಂತೂ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಇಷ್ಟವಾಗುವ ಸಂಗತಿ ಇದೇ, ಶಾಲೆಯ ಪುಸ್ತಕ ಇದನ್ನು ಹೇಳದೆ ನೇರ ಪ್ಲಸ್ಸು ಮೈನಸ್ಸಿನ ಚಿತ್ರಕ್ಕೆ ಹಾರಿಬಿಡುತ್ತದೆ.

ಚಾರ್ಜ್ ಸೇರಿತು, ಇನ್ನು ಕಿಡಿ ಹಾರಬೇಕು. ಇಲ್ಲಿ ಒಂದು ತಕರಾರು ಇದೆ. ಗಾಳಿ ಒಳ್ಳೆಯ ಅವಾಹಕ, ಅಂದರೆ ತನ್ನೊಳಗೆ ಕರೆಂಟ್ ಹರಿಯಲು ಬಿಡುವುದಿಲ್ಲ. ನೆಲದ ಮಟ್ಟದ ಒಣ ಗಾಳಿಯಲ್ಲಿ ಕಿಡಿ ಹಾರಲು ಪ್ರತಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಬೇಕು. ಮೇಲೆ ಗಾಳಿ ತೆಳು, ಅಷ್ಟು ಬೇಡ, ಆದರೂ ತುಂಬಾ ಬೇಕು. ಬಲೂನಿಗೆ ಉಪಕರಣ ಕಟ್ಟಿ ಗುಡುಗು ಮೋಡದೊಳಗೆ ಬಿಟ್ಟು ಅಳೆದಾಗ ಸಿಕ್ಕಿದ್ದು ಬೇಕಾದದ್ದರ ಹತ್ತನೇ ಒಂದು ಭಾಗದ ಆಸುಪಾಸು. ಅಂದರೆ ಲೆಕ್ಕದ ಪ್ರಕಾರ ಮಿಂಚು ಬರಲೇಬಾರದು!

ಬರುತ್ತಿದೆಯಲ್ಲ, ಮತ್ತೆ ಹೇಗೆ? ಎರಡು ಉತ್ತರಗಳ ಸುತ್ತ ಚರ್ಚೆ ನಡೆಯುತ್ತಿದೆ. ಒಂದು, ನೀರಿನ ಹನಿ ಮತ್ತು ಐಸಿನ ಚೂಪು ತುದಿಗಳ ಹತ್ತಿರ ವಿದ್ಯುತ್ ಕ್ಷೇತ್ರ, ಅಂದರೆ ಚಾರ್ಜನ್ನು ಎಳೆಯುವ ತಳ್ಳುವ ಬಲ, ಸುತ್ತಲಿಗಿಂತ ಹಲವು ಪಟ್ಟು ಜೋರಾಗಿರುತ್ತದೆ, ಕಿಡಿ ಅಲ್ಲಿಂದ ಶುರುವಾಗುತ್ತದೆ. ಎರಡು, ಬಾಹ್ಯಾಕಾಶದಿಂದ ಸದಾ ಬಂದು ಬೀಳುವ ಕಾಸ್ಮಿಕ್ ಕಿರಣಗಳು, ಅಂದರೆ ಅತಿ ವೇಗದ ಕಣಗಳು, ಗಾಳಿಯಲ್ಲಿ ಅತಿ ವೇಗದ ಎಲೆಕ್ಟ್ರಾನ್‌ಗಳನ್ನು ಹುಟ್ಟಿಸುತ್ತವೆ. ವೇಗದ ಎಲೆಕ್ಟ್ರಾನಿಗೆ ಗಾಳಿಯ ತಡೆ ಕಡಿಮೆ, ಮೋಡದ ವಿದ್ಯುತ್ ಕ್ಷೇತ್ರ ಅದನ್ನು ಇನ್ನಷ್ಟು ಓಡಿಸುತ್ತದೆ, ಅದು ದಾರಿಯ ಅಣುಗಳಿಗೆ ಬಡಿದು ಇನ್ನಷ್ಟು ಎಲೆಕ್ಟ್ರಾನ್ ಕಿತ್ತು ಹಾಕುತ್ತದೆ, ಅವೂ ಓಡುತ್ತವೆ. ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನನ್ನು ಹೀಗೆ ಓಡಿಸಬಹುದು ಎಂಬ ಯೋಚನೆ ಸಿ.ಟಿ.ಆರ್. ವಿಲ್ಸನ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿಗೆ 1920ರ ದಶಕದಲ್ಲೇ ಬಂದಿತ್ತು. ರಷ್ಯಾದ ಅಲೆಕ್ಸಾಂಡರ್ ಗುರೆವಿಚ್ ಮತ್ತು ಜೊತೆಗಾರರು 1992ರಲ್ಲಿ ಈ ಸರಪಳಿಯ ಲೆಕ್ಕ ಬಿಡಿಸಿಟ್ಟರು. ಎರಡರಲ್ಲಿ ಯಾವುದು, ಅಥವಾ ಎರಡೂ ಸೇರಿಯೋ, ಇನ್ನೂ ತೀರ್ಮಾನ ಆಗಿಲ್ಲ. ನಕ್ಷತ್ರ ಸಿಡಿದಾಗ ಹೊರಟ ಒಂದು ಕಣ ಇಲ್ಲಿನ ಮಿಂಚಿಗೆ ಕಾರಣ ಆಗಬಹುದು ಅನ್ನುವುದು ಕೇಳಲು ರೋಚಕ, ಆದರೆ ರೋಚಕ ಅನ್ನುವ ಒಂದೇ ಕಾರಣಕ್ಕೆ ಆ ಕಡೆ ವಾಲುವುದು ಬೇಡ ಅಂತ ನನ್ನ ಲೆಕ್ಕ.

ಹೇಗೋ ಶುರುವಾಯಿತು ಅನ್ನಿ. ಮೋಡದಿಂದ ನೆಲಕ್ಕೆ ಬರುವ ಮಿಂಚು ಒಂದೇ ಗೆರೆಯಾಗಿ ಸುಂಯ್ ಅಂತ ಇಳಿಯುವುದಿಲ್ಲ. ಮೊದಲು ಮಬ್ಬು ಬೆಳಕಿನ ಒಂದು ಮುಂದಾಳು ಹೊರಡುತ್ತದೆ. ಹತ್ತಾರು ಮೀಟರ್ ಹಾರುತ್ತದೆ, ಸೆಕೆಂಡಿನ ಲಕ್ಷದ ಕೆಲವು ಭಾಗದಷ್ಟು ಹೊತ್ತು ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಪ್ರತಿ ಸಲ ದಿಕ್ಕು ಸ್ವಲ್ಪ ಬದಲು, ಆಗಾಗ ಕವಲು. ಮಿಂಚು ಅಂಕುಡೊಂಕಾಗಿ ಕಾಣುವುದು ಇದರಿಂದಲೇ. ಈ ಮುಂದಾಳಿಗೆ ಕೆಳಗೆ ಏನಿದೆ ಅನ್ನುವ ಪರಿವೆಯೇ ಇಲ್ಲ. ನೆಲದಿಂದ ಒಂದು ಕಿಲೋಮೀಟರ್ ಮೇಲಿರುವಾಗ ಕೆಳಗೆ ಮರ ಇದೆಯೋ ಮನುಷ್ಯ ಇದ್ದಾನೋ ಅದಕ್ಕೆ ಎರಡೂ ಒಂದೇ. ಕೊನೆಯ ಐವತ್ತು ನೂರು ಮೀಟರ್ ಉಳಿದಾಗ ಮಾತ್ರ ಆಟ ಬದಲಾಗುತ್ತದೆ. ಮರದ ತುದಿ, ಕಂಬ, ಕಟ್ಟಡದ ಮೂಲೆ, ಕೆಲವೊಮ್ಮೆ ನಿಂತ ಮನುಷ್ಯನ ತಲೆ, ಇವುಗಳಿಂದ ಪ್ಲಸ್ ಚಾರ್ಜಿನ ಸಣ್ಣ ಕಿಡಿಗಳು ಮೇಲಕ್ಕೆ ಎದ್ದು ಬರುತ್ತವೆ. ಅವುಗಳಲ್ಲಿ ಯಾವುದು ಮೊದಲು ಮುಂದಾಳನ್ನು ಮುಟ್ಟುತ್ತದೋ ಸಿಡಿಲು ಬಡಿಯುವ ಜಾಗ ಅದು.

ಮುಟ್ಟಿದ ತಕ್ಷಣ ದಾರಿ ಪೂರ್ತಿಯಾಯಿತು. ಆಗ ನಮ್ಮ ಕಣ್ಣು ಕುಕ್ಕುವ ಬೆಳಕು ಕೆಳಗಿನಿಂದ ಮೇಲಕ್ಕೆ ಓಡುತ್ತದೆ, ಬೆಳಕಿನ ವೇಗದ ಮೂರನೇ ಒಂದು ಭಾಗದಷ್ಟು ವೇಗದಲ್ಲಿ. ಹಾಗಾದರೆ ಮಿಂಚು ಮೇಲಿನಿಂದ ಬರುತ್ತದೋ ಕೆಳಗಿನಿಂದಲೋ ಅಂತ ವಾದ ಮಾಡುವವರಿಗೆ, ಇಬ್ಬರೂ ಗೆದ್ದಿರಿ. ದಾರಿ ಮೇಲಿನಿಂದ ಇಳಿದದ್ದು, ಬೆಳಕು ಕೆಳಗಿನಿಂದ ಏರಿದ್ದು. ಹರಿಯುವ ಕರೆಂಟ್ ಸಾಮಾನ್ಯವಾಗಿ 30,000 ಆಂಪಿಯರ್ ಆಸುಪಾಸು. ಒಂದೇ ದಾರಿಯಲ್ಲಿ ಇದು ಮೂರು ನಾಲ್ಕು ಸಲ, ಕೆಲವೊಮ್ಮೆ ಇನ್ನೂ ಜಾಸ್ತಿ ಸಲ ನಡೆಯುತ್ತದೆ, ನಡುವೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಬಿಡುವು. ಮಿಂಚು ಪಟಪಟ ಮಿನುಗಿದ ಹಾಗೆ ಕಾಣುತ್ತದಲ್ಲ, ಅದು ನಿಮ್ಮ ಕಣ್ಣಿನ ಭ್ರಮೆ ಅಲ್ಲ.

ಅಂದಹಾಗೆ ನೆಲಕ್ಕೆ ಬರುವ ಮಿಂಚೇ ಕಡಿಮೆ. ಬಹುಪಾಲು ಮಿಂಚು ಮೋಡದೊಳಗೇ, ಪ್ಲಸ್ ರಾಶಿಗೂ ಮೈನಸ್ ರಾಶಿಗೂ ನಡುವೆ ಹರಿದು ಮುಗಿದುಹೋಗುತ್ತದೆ. ಹೊರಗೆ ನಿಂತ ನಮಗೆ ಮೋಡ ಒಳಗಿನಿಂದ ಬೆಳಗಿದ್ದಷ್ಟೇ ಗೊತ್ತಾಗುತ್ತದೆ.

ಇನ್ನು ಗುಡುಗಿಗೆ ಬರೋಣ. ಮಿಂಚು ಹರಿಯುವ ದಾರಿ ಹೆಬ್ಬೆರಳಿನಷ್ಟು ದಪ್ಪ ಇದ್ದರೆ ಹೆಚ್ಚು. ಆ ಸಣ್ಣ ಕೊಳವೆಯೊಳಗಿನ ಗಾಳಿ ಸೆಕೆಂಡಿನ ಹತ್ತು ಲಕ್ಷದ ಕೆಲವು ಭಾಗಗಳಲ್ಲಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಸೂರ್ಯನ ಹೊರಮೈಯ ಬಿಸಿ 5,500 ಡಿಗ್ರಿ, ಅದರ ಐದು ಪಟ್ಟು! ಬಿಸಿಯಾದ ಗಾಳಿಗೆ ಹಿಗ್ಗಬೇಕು, ಆದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ಸರಿದುಕೊಳ್ಳಲು ಸಮಯವೇ ಇಲ್ಲ. ಒತ್ತಡ ಸಾಮಾನ್ಯ ಗಾಳಿಯ ಹತ್ತು ಪಟ್ಟಿಗೂ ಜಾಸ್ತಿಯಾಗಿ, ಸುತ್ತಲಿನ ಗಾಳಿಯನ್ನು ಶಬ್ದಕ್ಕಿಂತ ವೇಗವಾಗಿ ತಳ್ಳುತ್ತದೆ. ಈ ಆಘಾತದ ಅಲೆ ಕೆಲವೇ ಮೀಟರ್ ಹೋಗುವಷ್ಟರಲ್ಲಿ ಬಲ ಕಳೆದುಕೊಂಡು ಮಾಮೂಲಿ ಶಬ್ದ ಆಗುತ್ತದೆ. ಅದೇ ಗುಡುಗು. ಹತ್ತೊಂಬತ್ತನೇ ಶತಮಾನದಲ್ಲಿ, ಮಿಂಚು ದಾರಿಯಲ್ಲಿ ನಿರ್ವಾತ ಮಾಡಿ ಹೋಗುತ್ತದೆ, ಗಾಳಿ ಮತ್ತೆ ಒಳನುಗ್ಗಿದಾಗ ಸದ್ದಾಗುತ್ತದೆ ಅಂತ ಹೇಳುತ್ತಿದ್ದರು. ಈಗಲೂ ಅದನ್ನೇ ಹೇಳುವವರಿದ್ದಾರೆ. ತಿರುಗಿಸಿ ಹೇಳಿದರೆ ಸರಿ: ಗಾಳಿ ಹೊರಗೆ ನುಗ್ಗುವುದರಿಂದ ಸದ್ದು.

ಆದರೆ ಅದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿದರೆ ಗುಡುಗು ಯಾಕೆ ಹತ್ತು ಹದಿನೈದು ಸೆಕೆಂಡ್ ಗುಡುಗುಡು ಅಂತ ಉರುಳುತ್ತದೆ? ಇದಕ್ಕೆ ಎಲ್ಲರೂ ಪ್ರತಿಧ್ವನಿ ಅನ್ನುತ್ತಾರೆ. ಬೆಟ್ಟಗುಡ್ಡ ಇದ್ದರೆ ಅದೂ ಸ್ವಲ್ಪ ಸೇರುತ್ತದೆ ನಿಜ. ಆದರೆ ಬಟಾಬಯಲಿನಲ್ಲೂ ಗುಡುಗು ಉರುಳುತ್ತದೆ. ನಿಜವಾದ ಕಾರಣ ಮಿಂಚಿನ ಉದ್ದ. ಕಿಲೋಮೀಟರುಗಟ್ಟಲೆ ಉದ್ದದ ಸಾಲಿನಲ್ಲಿ ಜನ ನಿಂತಿದ್ದಾರೆ, ಎಲ್ಲರೂ ಒಂದೇ ಕ್ಷಣದಲ್ಲಿ ಒಂದೇ ಒಂದು ಚಪ್ಪಾಳೆ ತಟ್ಟುತ್ತಾರೆ ಅಂದುಕೊಳ್ಳಿ. ನೀವು ಸಾಲಿನ ಒಂದು ತುದಿಯಲ್ಲಿದ್ದರೆ ಹತ್ತಿರದವನ ಚಪ್ಪಾಳೆ ಮೊದಲು, ದೂರದವನದು ಎಷ್ಟೋ ಸೆಕೆಂಡ್ ಆದ ಮೇಲೆ. ಒಂದು ಚಪ್ಪಾಳೆ ಉದ್ದನೆಯ ಮೊರೆತ ಆಗುತ್ತದೆ.

ಲೆಕ್ಕ ಹಾಕಿದರೆ ಇನ್ನೂ ಚೆಂದ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡ್ ಬೇಕು. ನಿಮ್ಮಿಂದ ಒಂದು ಕಿಲೋಮೀಟರ್ ದೂರಕ್ಕೆ ಸಿಡಿಲು ಬಿತ್ತು, ಅದರ ಮೇಲ್ತುದಿ ಐದು ಕಿಲೋಮೀಟರ್ ಎತ್ತರದಲ್ಲಿದೆ ಅನ್ನಿ. ಕೆಳತುದಿಯ ಸದ್ದು ಮೂರು ಸೆಕೆಂಡಿಗೆ ಬರುತ್ತದೆ. ಮೇಲ್ತುದಿ ನಿಮ್ಮಿಂದ ಐದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ, ಅದರ ಸದ್ದು ಹದಿನೈದನೇ ಸೆಕೆಂಡಿಗೆ. ನಡುವಿನ ಹನ್ನೆರಡು ಸೆಕೆಂಡ್ ಪೂರ್ತಿ ಉರುಳು. ಮಿಂಚಿನ ಗೆರೆ ಅಂಕುಡೊಂಕು, ಕವಲು ಬೇರೆ. ಯಾವುದಾದರೂ ತುಂಡು ನಿಮಗೆ ಅಡ್ಡಲಾಗಿದ್ದರೆ ಅದರ ಅಷ್ಟೂ ಸದ್ದು ಒಟ್ಟಿಗೆ ಬಂದು ಢಮಾರ್ ಅನ್ನುತ್ತದೆ, ನಿಮ್ಮಿಂದ ದೂರಕ್ಕೆ ಚಾಚಿದ ತುಂಡಿನ ಸದ್ದು ಎಳೆದುಕೊಂಡು ಬರುತ್ತದೆ. ಗುಡುಗು ತಗ್ಗಿ, ಏರಿ, ಮತ್ತೆ ತಗ್ಗುವುದು ಹೀಗೆ. ಮನಸ್ಸಿಟ್ಟು ಕೇಳಿದರೆ ಮಿಂಚಿನ ಆಕಾರವೇ ಕಿವಿಗೆ ಬೀಳುತ್ತಿರುತ್ತದೆ. ಸಿನಿಮಾದಲ್ಲಿ ಮಿಂಚು ಗುಡುಗು ಎರಡನ್ನೂ ಒಂದೇ ಫ್ರೇಮಿನಲ್ಲಿ ಹಾಕುವವರನ್ನು ಕಂಡರೆ ನನಗೆ ಸಿಟ್ಟು, ಹಾಗೆ ಆದರೆ ನಾಯಕ ಬದುಕುವುದು ಕಷ್ಟ.

ದೂರದ ಮಿಂಚಿಗೆ ಗುಡುಗೇ ಇಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ಇದೆ, ನಮ್ಮ ತಲೆಯ ಮೇಲಿಂದ ಹೋಗಿಬಿಡುತ್ತದೆ. ನೆಲದ ಹತ್ತಿರ ಗಾಳಿ ಬೆಚ್ಚಗೆ, ಮೇಲೆ ತಣ್ಣಗೆ. ತಣ್ಣನೆ ಗಾಳಿಯಲ್ಲಿ ಶಬ್ದ ನಿಧಾನ. ಹಾಗಾಗಿ ಅಲೆ ಮೇಲ್ಮುಖವಾಗಿ ಬಾಗುತ್ತದೆ. ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ದಾಟಿದರೆ ಗುಡುಗು ಕೇಳುವುದೇ ಅಪರೂಪ. ಬೆಳಕಿಗೆ ಆ ಸಮಸ್ಯೆ ಇಲ್ಲ, ರಾತ್ರಿ ನೂರು ಕಿಲೋಮೀಟರ್ ಆಚೆಯ ಮೋಡವೂ ಮಿಣಕ್ ಅನ್ನುವುದು ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಈ ಕರೆಂಟನ್ನು ಹಿಡಿದಿಡಬಹುದಲ್ಲ ಅಂತ. ಒಂದು ಮಿಂಚಿನ ಶಕ್ತಿ ಸುಮಾರು ನೂರು ಕೋಟಿ ಜೂಲ್. ಕೇಳಿದರೆ ಎದೆ ನಡುಗುತ್ತದೆ, ಮೀಟರಿನ ಭಾಷೆಗೆ ತಂದರೆ 280 ಯೂನಿಟ್ಟೂ ಇಲ್ಲ. ಅದರಲ್ಲೂ ಬಹುಪಾಲು ಗಾಳಿ ಬಿಸಿ ಮಾಡಲು, ಬೆಳಕಿಗೆ, ಸದ್ದಿಗೆ ಖರ್ಚಾಗಿರುತ್ತದೆ. ಎಲ್ಲಿ ಬೀಳುತ್ತದೆ ಅಂತ ಗೊತ್ತಿಲ್ಲದ್ದನ್ನು ಕಾದು ಕೂತು ಹಿಡಿಯುವುದಕ್ಕಿಂತ ಒಂದು ಸೋಲಾರ್ ಪ್ಯಾನೆಲ್ ಹಾಕಿಸುವುದು ವಾಸಿ.

ಉಪಗ್ರಹಗಳ ಲೆಕ್ಕದಲ್ಲಿ ಭೂಮಿಯ ಮೇಲೆ ಪ್ರತಿ ಸೆಕೆಂಡಿಗೆ ಸರಾಸರಿ 44 ಮಿಂಚು. ಹೆಚ್ಚಿನವು ನೆಲದ ಮೇಲೆ, ಸಮುದ್ರದ ಮೇಲೆ ಕಡಿಮೆ. ವೆನೆಜುವೆಲಾದ ಮರಕೈಬೋ ಸರೋವರದ ಮೇಲೆ ಅತಿ ದಟ್ಟ. ಇದುವರೆಗೆ ದಾಖಲಾದ ಅತಿ ಉದ್ದದ ಮಿಂಚು 2017ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ಹರಿದದ್ದು, 829 ಕಿಲೋಮೀಟರ್.

ಜೀವ ಉಳಿಸಿಕೊಳ್ಳುವ ವಿಷಯದಲ್ಲಿ ಎರಡು ಮಾತು ಹೇಳದೆ ಬಿಡಲಾರೆ. ಮರದ ಕೆಳಗೆ ನಿಲ್ಲಬೇಡಿ. ಸಿಡಿಲು ಮರಕ್ಕೆ ಬಡಿದರೂ ಅಲ್ಲಿಂದ ಪಕ್ಕಕ್ಕೆ ಹಾರಬಹುದು, ನೆಲದಲ್ಲಿ ಹರಡಿ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯಬಹುದು. ಮೈದಾನದಲ್ಲಿ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವ ದನಕರುಗಳು ಒಟ್ಟೊಟ್ಟಿಗೆ ಸಾಯುವುದು ಹೀಗೆಯೇ. ಕಾರಿನೊಳಗೆ ಗಾಜು ಏರಿಸಿ ಕೂತರೆ ಕ್ಷೇಮ, ಆದರೆ ಟೈರಿನ ರಬ್ಬರಿನಿಂದ ಅಲ್ಲ. ಕಿಲೋಮೀಟರುಗಟ್ಟಲೆ ಗಾಳಿ ಸೀಳಿಕೊಂಡು ಬಂದದ್ದಕ್ಕೆ ಒಂದು ಗೇಣು ರಬ್ಬರ್ ಯಾವ ಲೆಕ್ಕ? ಕಾಪಾಡುವುದು ಸುತ್ತಲಿನ ಲೋಹದ ಮೈ, ಕರೆಂಟ್ ಅದರ ಹೊರಗಿನಿಂದಲೇ ಹರಿದು ನೆಲಕ್ಕೆ ಹೋಗುತ್ತದೆ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಒಳಗೆ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಬರಬೇಡಿ. ಒಮ್ಮೆ ಬಿದ್ದಲ್ಲಿ ಮತ್ತೆ ಬೀಳುವುದಿಲ್ಲ ಅನ್ನುವವರಿಗೆ, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಲ ಬಡಿಯುತ್ತದೆ.

ಸಿಡಿಲು ತಡೆಯುವ ಕಂಬಿಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಅದನ್ನು ಕಂಡುಹಿಡಿದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ಗೆ, ಚೂಪು ಕಂಬಿ ಮೋಡದ ಚಾರ್ಜನ್ನು ಸದ್ದಿಲ್ಲದೆ ಹೀರಿ ಖಾಲಿ ಮಾಡುತ್ತದೆ ಎಂಬ ಆಸೆ ಇತ್ತು. ಅದು ಹಾಗೆ ಕೆಲಸ ಮಾಡುವುದಿಲ್ಲ. ಸಿಡಿಲು ಬೀಳುವುದೇ ಆದರೆ ಗೋಡೆ ಸೀಳಿಕೊಂಡು ಹೋಗುವ ಬದಲು ಈ ದಾರಿಯಲ್ಲಿ ಹೋಗು ಅಂತ ಬಿಟ್ಟುಕೊಡುವುದಷ್ಟೇ ಅದರ ಕೆಲಸ. ಮೋಡದಲ್ಲಿ ವಿದ್ಯುತ್ ಇದೆ ಅಂತ 1752ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಉದ್ದ ಕಂಬಿ ನೆಟ್ಟು ತೋರಿಸಿದ್ದೂ ಅವನ ಸಲಹೆಯ ಮೇಲೆಯೇ. ಮರುವರ್ಷ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇಂಥದೇ ಪ್ರಯೋಗಕ್ಕೆ ನಿಂತ ವಿಜ್ಞಾನಿ ಗೆಯೋರ್ಗ್ ರಿಚ್ಮನ್ ಸಿಡಿಲಿಗೆ ಬಲಿಯಾದರು. ಗಾಳಿಪಟ ಹಿಡಿದು ಇದನ್ನು ಪರೀಕ್ಷಿಸುವ ಆಸೆ ಯಾರಿಗಾದರೂ ಇದ್ದರೆ ಸುಮ್ನೆ ಬಿಟ್ಟುಬಿಡಿ.

ಕಿಡಿ ಹೇಗೆ ಶುರುವಾಗುತ್ತದೆ ಅನ್ನುವ ತಕರಾರು ಅಲ್ಲೇ ಬಿಟ್ಟು ಬಂದೆ. ಅದರಲ್ಲಿ ಹೊಸ ಸುದ್ದಿ ಇದೆ. ಅತಿ ವೇಗದ ಎಲೆಕ್ಟ್ರಾನ್ ಗಾಳಿಯ ಅಣುಗಳಿಗೆ ಬಡಿದರೆ ಗಾಮಾ ಕಿರಣ ಹುಟ್ಟುತ್ತದೆ, ಅದು ಎಕ್ಸ್-ರೇಗಿಂತ ಹೆಚ್ಚು ಶಕ್ತಿಯ ಕಿರಣ. ಗುಡುಗು ಮೋಡಗಳು ಇದನ್ನು ಹೊರಹಾಕುತ್ತವೆ ಎಂದು 1994ರಲ್ಲಿ ತಿಳಿಯಿತು, ಅದೂ ದೂರದ ಆಕಾಶಕಾಯಗಳನ್ನು ನೋಡಲು ಕಳಿಸಿದ್ದ ಉಪಗ್ರಹದಿಂದ. ಮಿಂಚು ಗಾಳಿಯ ಸಾರಜನಕದ ಪರಮಾಣು ಬೀಜವನ್ನೇ ಒಡೆಯಬಲ್ಲದು ಎಂದು ಜಪಾನಿನ ವಿಜ್ಞಾನಿಗಳು 2017ರಲ್ಲಿ ತೋರಿಸಿದರು. 2023ರ ಜುಲೈನಲ್ಲಿ ನಾಸಾದ ಒಂದು ವಿಮಾನ 20 ಕಿಲೋಮೀಟರ್ ಎತ್ತರದಲ್ಲಿ, ಕೆರಿಬಿಯನ್ ಮತ್ತು ಮೆಕ್ಸಿಕೊ ಕೊಲ್ಲಿಯ ಗುಡುಗು ಮೋಡಗಳ ನೆತ್ತಿಯ ಮೇಲೆ ಹಾರಿ ನೋಡಿತು. ಅಲ್ಲಿ ಗಾಮಾ ಕಿರಣ ಅಪರೂಪವೇ ಅಲ್ಲ, ಗಂಟೆಗಟ್ಟಲೆ ಮೋಡ ಅದನ್ನು ಸೂಸುತ್ತಲೇ ಇತ್ತು. ಜೊತೆಗೆ ಇದುವರೆಗೆ ಯಾರೂ ನೋಡಿರದ, ಮಿನುಗುವ ಗಾಮಾ ಹೊಳಪುಗಳೂ ಸಿಕ್ಕವು. ಅವು ಶುರುವಾದಾಗ ಮಿಂಚಿನ ಸುಳಿವೇ ಇರಲಿಲ್ಲ, ಆದರೆ ಹಲವು ಸಲ ಅವುಗಳ ಬೆನ್ನಿಗೇ ಅಲ್ಲೇ ಮಿಂಚು ಹುಟ್ಟಿತು. 2024ರಲ್ಲಿ ಇದು ಪ್ರಕಟವಾಯಿತು. ಓಡುವ ಎಲೆಕ್ಟ್ರಾನ್‌ಗಳ ಪಕ್ಷಕ್ಕೆ ಇದರಿಂದ ಬಲ ಬಂದಿದೆ, ಐಸಿನ ತುದಿಯ ಪಕ್ಷದವರೂ ಇನ್ನೂ ಕೈಚೆಲ್ಲಿಲ್ಲ.